ಬಿಸಿಲುಗಳ್ಳ ಷಡ್ಡಕ

ನಮ್ಮ ಷಡ್ಡಕರು ಕಳ್ಳರು. ಇದನ್ನು ನಾನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಅಲ್ಲ, ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ, ಆದರೂ ಮಾತು ನಿಜ. ಅವರು ಕದಿಯುವುದು ಚಿನ್ನ ಬೆಳ್ಳಿಯನ್ನಲ್ಲ, ಬಿಸಿಲನ್ನು! ಅದೂ ಹಾಡಹಗಲೇ. ಬೇರೆ ಹೊತ್ತಿನಲ್ಲಿ ಕದಿಯೋಣವೆಂದರೆ ಆ ಮಾಲು ಸಿಗುವುದೂ ಇಲ್ಲವಲ್ಲ. ಎದುರು ಮನೆಯವರ ಮೂರನೆಯ ಮಹಡಿಯ ತಾರಸಿಯಲ್ಲಿ ತನ್ನ ಪಾಡಿಗೆ ಬಿದ್ದುಕೊಂಡಿದ್ದ ಬಿಸಿಲನ್ನು ಎತ್ತಿ, ಗಲ್ಲಿ ದಾಟಿಸಿ, ತಮ್ಮ ಮನೆಯೊಳಗೆ ಇಳಿಸಿಕೊಂಡು, ಗಿಡಗಳಿಗೆ ಪಂಕ್ತಿ ಕೂರಿಸಿ ಬಡಿಸುತ್ತಾರೆ. ದೂರು ಕೊಡೋಣವೆಂದರೆ ಯಾವ ಸೆಕ್ಷನ್ನಿನಲ್ಲಿ ಕೊಡುವುದು?

ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಈ ಬರಹವನ್ನು ಐವತ್ತು ಜೆರಾಕ್ಸ್ ಮಾಡಿಸಿ ಇಡೀ ಲಷ್ಕರ್ ಮೊಹಲ್ಲಾಕ್ಕೆ ಹಂಚಿಬಿಡುತ್ತಾರೆ. ನಾನು ಬೈದಿದ್ದೇನೆಂದು ಅವರಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಇಷ್ಟು ವರ್ಷದಲ್ಲಿ ನನ್ನನ್ನು ಅತಿ ಹೆಚ್ಚು ಸುಸ್ತು ಮಾಡಿರುವುದು ಅವರ ಈ ಗುಣವೇ.

ಷಡ್ಡಕ ಎಂದರೆ, ಗೊತ್ತಲ್ಲ, ಹೆಂಡತಿಯ ಸಹೋದರಿಯ ಗಂಡ. ಅಣ್ಣತಮ್ಮಂದಿರು ಬೇಕಾದರೆ ಬೀದಿಯಲ್ಲಿ ನಿಂತು ಜಗಳವಾಡಬಹುದು. ಷಡ್ಡಕರಿಗೆ ಆ ಸೌಕರ್ಯವಿಲ್ಲ. ನಗುನಗುತ್ತಲೇ ಒಬ್ಬರನ್ನೊಬ್ಬರು ಅಳೆಯುತ್ತಿರಬೇಕು; ಅಳತೆಗೋಲು ಮಾತ್ರ ಅತ್ತೆಯ ಕೈಯಲ್ಲಿ.

ನಾನು ಹಿರಿಯ ಅಳಿಯ. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಅದನ್ನೇ ಪಾಠ ಮಾಡಿ ನಿವೃತ್ತನಾದವನು. ಹಸಿರೆಲೆ ಬಿಸಿಲನ್ನು ಹಿಡಿದು, ಬೇರು ಕಳಿಸಿದ ನೀರಿಗೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಸೇರಿಸಿ, ತನಗೆ ಬೇಕಾದ ಸಕ್ಕರೆಯನ್ನು ತಾನೇ ಮಾಡಿಕೊಳ್ಳುತ್ತದಲ್ಲ, ಆ ದ್ಯುತಿಸಂಶ್ಲೇಷಣೆಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ! ಉದುರಿದ ಸೀಮೆಸುಣ್ಣದ ಪುಡಿಯನ್ನು ಒಟ್ಟುಹಾಕಿದ್ದರೆ ಒಂದು ಮನೆಗೆ ಸುಣ್ಣ ಹೊಡೆಸಬಹುದಿತ್ತು. ಷಡ್ಡಕರು ಎಸ್ಸೆಸ್ಸೆಲ್ಸಿಯಲ್ಲಿ, ಅದೂ ವಿಜ್ಞಾನದಲ್ಲೇ, ಡುಮ್ಕಿ ಹೊಡೆದು, ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಮೂರು ಪಾಳಿಯಲ್ಲಿ ದುಡಿದು ನಿವೃತ್ತರಾದವರು.

ಇನ್ನು ಮನೆ. ನನ್ನದು ಮಂಡಕಳ್ಳಿ ಕಡೆಯ ಹೊಸ ಬಡಾವಣೆ. ಬೆಳಗ್ಗೆ ಬಂದ ಸೂರ್ಯ ಸಂಜೆ ಹೊರಡುವ ತನಕ ನನ್ನ ತಾರಸಿ ಬಿಟ್ಟು ಕದಲುವುದಿಲ್ಲ. ವಿಮಾನ ಇಳಿಯುವಾಗ ಒಂದು ಕ್ಷಣ ನೆರಳು ಹಾದುಹೋದರೆ ನಮ್ಮ ಭಾಗಕ್ಕೆ ಅದೇ ಅರಳೀಕಟ್ಟೆ. ಅವರದು ಲಷ್ಕರ್ ಮೊಹಲ್ಲಾದ ಒಂದು ಗಲ್ಲಿ. ಎದುರು ಮನೆಯವರು ಕಿಟಕಿಯಿಂದ ಕೈ ಚಾಚಿದರೆ ಇವರ ಉಪ್ಪಿನ ಡಬ್ಬಿ ಸಿಗುತ್ತದೆ. ಬಿಸಿಲು ಆ ಗಲ್ಲಿಗೆ ಇಳಿಯುವುದು ಮಧ್ಯಾಹ್ನ ಇಪ್ಪತ್ತು ನಿಮಿಷ. ಮನೆಯೊಳಕ್ಕೆ ಅದೂ ಇಲ್ಲ.

ಈಗ ಹೇಳಿ, ಯಾರ ಮನೆಯಲ್ಲಿ ಗಿಡ ಚೆನ್ನಾಗಿ ಬೆಳೆಯಬೇಕು?

ಬೇಡ, ಹೇಳಬೇಡಿ.

ಅವರ ಕಳ್ಳತನದ ವ್ಯವಸ್ಥೆ ಹೀಗಿತ್ತು. ಎದುರಿನ ಮೂರು ಮಹಡಿಯ ಮನೆ ಟೈಲರ್ ಸಾಹೇಬರದು. ನೆಲಮಹಡಿಯಲ್ಲಿ ಅವರ ಅಂಗಡಿ. ಸಾಹೇಬರ ತಾರಸಿಯ ಗೋಡೆಗೆ ಒಂದು ದೊಡ್ಡ ಕನ್ನಡಿ, ಮುಚ್ಚಿಹೋದ ಯಾವುದೋ ಕಟಿಂಗ್ ಶಾಪಿನಿಂದ ತಂದದ್ದು. ಅದು ಬಿಸಿಲನ್ನು ಹಿಡಿದು, ಇವರ ಸಜ್ಜೆಯ ಮೇಲಿದ್ದ ಎರಡನೆಯ ಕನ್ನಡಿಗೆ ಎಸೆಯುತ್ತಿತ್ತು. ಎರಡನೆಯದು ಹಳೆಯ ಬೀರುವಿನ ಬಾಗಿಲು, ಹಿಡಿಯ ಸಮೇತ. ಅಲ್ಲಿಂದ ಬಿಸಿಲು ಮನೆಯ ಪಕ್ಕದ ಪ್ಯಾಸೇಜಿನಲ್ಲಿ ತೂಗುಹಾಕಿದ್ದ ಮೂರನೆಯ ಕನ್ನಡಿಗೆ ಬಂದು, ಸಾಲಾಗಿ ಕೂತ ಕುಂಡಗಳ ಮೇಲೆ ಬೀಳುತ್ತಿತ್ತು. ಸೂರ್ಯ ಒಂದು ಕಡೆ ನಿಲ್ಲುವವನಲ್ಲ, ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಮೇಲಿನ ಕನ್ನಡಿಯನ್ನು ಓಲಿಸಬೇಕು. ಅದಕ್ಕೆ ಸೈಕಲ್ಲಿನ ಬ್ರೇಕ್ ತಂತಿಗಳನ್ನು ಒಂದಕ್ಕೊಂದು ಕೂಡಿಸಿ ಗಲ್ಲಿಯ ಮೇಲೆ ಹಾಯಿಸಿದ್ದರು. ಕೆಳಗೆ ಕುರ್ಚಿಯಲ್ಲಿ ಕೂತು ಇವರು ಬ್ರೇಕ್ ಒತ್ತಿದರೆ ಮೇಲೆ ಸೂರ್ಯ ತಲೆ ಬಾಗಿಸುತ್ತಿದ್ದ!

ಮೊದಲ ದಿನ ಗುರಿ ತಪ್ಪಿ ಬಿಸಿಲು ಟೈಲರ್ ಸಾಹೇಬರ ಬೋಳು ತಲೆಯ ಮೇಲೆ ಬಿತ್ತಂತೆ.

"ಏನ್ ಭಾಯ್, ಸೂರ್ಯನ್ನ ಸಂಬಳಕ್ಕೆ ಇಟ್ಕೊಂಡಿದ್ದೀರಾ?" ಎಂದು ಸಾಹೇಬರು ಅಂಗಡಿಯಿಂದಲೇ ಕೂಗಿದರಂತೆ.

"ಸಂಬಳ ಇಲ್ಲ ಸಾಹೇಬ್ರೇ, ಊಟ ಹಾಕಕ್ಕೆ ಬಂದವ್ನೆ" ಎಂದರಂತೆ ಇವರು.

ಮಾರನೆಯ ದಿನ ಸಾಹೇಬರೇ ಗಲ್ಲಿ ದಾಟಿ ಬಂದು, "ಮಧ್ಯಾಹ್ನ ಒಂದೆರಡು ನಿಮಿಷ ನನ್ ಮಿಷಿನ್ ಕಡೆ ತಿರುಗ್ಸಿ ಭಾಯ್, ಸೂಜಿಗೆ ದಾರ ಪೋಣಿಸ್ಕೋತೀನಿ" ಎಂದರಂತೆ. ಆವತ್ತಿನಿಂದ ಹನ್ನೆರಡೂಕಾಲಿಗೆ ಎರಡು ನಿಮಿಷದ ಬಿಸಿಲು ಅವರಿಗೆ ತಪ್ಪದೆ ಸಲ್ಲುತ್ತಿತ್ತು.

ಇದನ್ನು ನನಗೆ ಹೇಳಿದವರು ಷಡ್ಡಕರೋ ಸಾಹೇಬರೋ ಸರಿಯಾಗಿ ನೆನಪಿಲ್ಲ. ಈಚೆಗೆ ನನಗೆ ನೆನಪಿನ ಮೇಲೆ ನಂಬಿಕೆ ಕಡಿಮೆ. ಪುರಾವೆ ಇಲ್ಲದೆ ಏನನ್ನೂ ನಂಬಬಾರದು ಎಂದು ವಿಶ್ವವಿದ್ಯಾನಿಲಯದಲ್ಲಿ ಕಲಿಸಿದ್ದರು. ಆ ಪಾಠವನ್ನು ದೇವರ ಮೇಲೆ, ಜ್ಯೋತಿಷಿಗಳ ಮೇಲೆ, ಹೆಂಡತಿಯ ಮೇಲೆ ಪ್ರಯೋಗಿಸಿ ಮುಗಿಸಿ, ಈಗ ನನ್ನ ಮೇಲೇ ಪ್ರಯೋಗಿಸಿಕೊಳ್ಳುತ್ತಿದ್ದೇನೆ. ಫಲಿತಾಂಶ ಅಷ್ಟೇನೂ ಚೆನ್ನಾಗಿಲ್ಲ.

ಕಾರ್ಖಾನೆ ಬಿಟ್ಟರೂ ಪಾಳಿ ಅವರನ್ನು ಬಿಟ್ಟಿರಲಿಲ್ಲ. ಮೂರನೆಯ ಕನ್ನಡಿಯ ಬಿಸಿಲು ಒಂದು ಸಲಕ್ಕೆ ನಾಲ್ಕು ಕುಂಡಗಳಿಗಷ್ಟೇ ಸಾಲುತ್ತಿತ್ತು. ಹಾಗಾಗಿ ಗೋಡೆಯ ಮೇಲೊಂದು ಕರಿಹಲಗೆ. ಫಸ್ಟ್ ಶಿಫ್ಟ್, ತುಳಸಿ, ದಾಸವಾಳ. ಸೆಕೆಂಡ್ ಶಿಫ್ಟ್, ಕರಿಬೇವು, ಮೆಣಸಿನಗಿಡ. ವೀಕ್ಲಿ ಆಫ್, ದೊಡ್ಡಪತ್ರೆ! ಕುಂಡಗಳಿಗೆಲ್ಲ ಅಡಿಯಲ್ಲಿ ಚಕ್ರದ ಮಣೆ. ಪಾಳಿ ಬದಲಾಗುವ ಹೊತ್ತಿಗೆ ಇವರು ಬಾಯಲ್ಲೇ ಸೈರನ್ ಕೂಗಿ ಕುಂಡಗಳನ್ನು ತಳ್ಳುತ್ತಿದ್ದರು. ಆ ಸೈರನ್ನಿಗೆ ಗಲ್ಲಿಯ ಹೆಂಗಸರು ಅಕ್ಕಿ ತೊಳೆದಿಡುತ್ತಿದ್ದರಂತೆ.

ಒಂದು ದಿನ ನಾನು ಹೋದಾಗ ಕರಿಬೇವಿನ ಕುಂಡ ಮೂಲೆಯಲ್ಲಿ ಒಂಟಿಯಾಗಿ ನಿಂತಿತ್ತು.

"ಇದಕ್ಕೇನು ಶಿಕ್ಷೆ?" ಎಂದೆ.

"ಶಿಕ್ಷೆ ಅಲ್ಲ ಮೇಷ್ಟ್ರೇ, ಮೆಡಿಕಲ್ ಲೀವು. ನಿನ್ನೆ ಸಾರಿಗೆ ಅಂತ ನಮ್ಮನೆಯೋಳು ನಾಲ್ಕು ಎಸಳು ಜಾಸ್ತಿ ಕಿತ್ಬುಟ್ಟವ್ಳೆ. ಅಡಿಗೆ ಮಾಡೋ ಕೈಯನ್ನೇ ಕಿತ್ರೆ ಪಾಪ ಅದು ಊಟ ಎಂಗ್ ಮಾಡ್ಕೊಂಡೀತು?"

"ಅಡಿಗೆ ಅಲ್ಲ ಕಣ್ರೀ, ಅದಕ್ಕೆ ದ್ಯುತಿಸಂಶ್ಲೇಷಣೆ ಅಂತಾರೆ" ಎಂದು ತಿದ್ದಿದೆ. ಮೇಷ್ಟರ ಚಟ.

"ದ್ಯುತಿಸಂ... ಬುಡಿ ಮೇಷ್ಟ್ರೇ, ನನ್ ನಾಲ್ಗೆ ಹೊರಳಲ್ಲ. ಗಿಡಕ್ಕೂ ಆ ಹೆಸ್ರು ಗೊತ್ತಿಲ್ಲ. ಆದ್ರೂ ಮಾಡ್ತಾ ಅದೆ ನೋಡಿ!"

ಚೆನ್ನಾಗಿ ಅರಳಿದ್ದ ಅವರ ದಾಸವಾಳವನ್ನು ಕೆಟ್ಟದಾಗಿ ನೋಡಿ ಬಂದೆ.

ಮನುಷ್ಯರು ಬಿಡುವ ಉಸಿರಿನಲ್ಲಿ ಗಿಡಗಳಿಗೆ ಬೇಕಾದ ಗಾಳಿ ಇದೆ ಎಂದು ಅವರಿಗೆ ಯಾವಾಗ ಗೊತ್ತಾಯಿತೋ, ಅವತ್ತಿನಿಂದ ಇನ್ನೊಂದು ಕಾಟ ಶುರುವಾಯಿತು. ಮನೆಗೆ ಬಂದವರನ್ನು ನಡುಮನೆಯಲ್ಲಿ ಕೂರಿಸುವುದಿಲ್ಲ. ಪ್ಯಾಸೇಜಿನಲ್ಲಿ, ಗಿಡಗಳಿಗೆ ಮುಖ ಮಾಡಿ ಕೂರಿಸುವುದು. ಆ ಬೀದಿಯ ಹೆಂಗಸರ ಭಜನಾ ಮಂಡಳಿಯನ್ನೂ ಕೇಳಿಕೊಂಡು ಬಂದರು. "ಅಮ್ಮಾ, ಅಷ್ಟು ಚೆನ್ನಾಗಿರೋ ಉಸಿರು ಸುಮ್ನೆ ಗುಡೀಲಿ ದಂಡ ಆಗ್ತಾ ಅದೆ. ನಮ್ ಮೆಣಸಿನಗಿಡದ ಮುಂದೆ ಹಾಡಿ, ದೇವ್ರಿಗೂ ಕೇಳುತ್ತೆ, ಗಿಡಕ್ಕೂ ಹೊಟ್ಟೆ ತುಂಬುತ್ತೆ!" ನಾನು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕೆ. ಗಾಳಿಯಲ್ಲಿ ಆ ಅನಿಲ ಬೇಕಾದಷ್ಟಿರುತ್ತದೆ, ಎಂಟು ಜನ ಹೆಂಗಸರ ಭಜನೆಯಿಂದ ಏನೂ ಆಗುವುದಿಲ್ಲ ಎಂದು ಮಡದಿಗೆ ಉಪನ್ಯಾಸ ಕೊಟ್ಟೆ. ಆ ಸಲ ಅವರ ಮೆಣಸಿನಗಿಡ ಬಿಟ್ಟ ಕಾಯಿ ನೋಡಬೇಕಿತ್ತು! ಇದು ಪುರಾವೆಯಲ್ಲ, ಕಾಕತಾಳೀಯ. ಆದರೆ ಕಾಕತಾಳೀಯವೂ ನನ್ನ ತಾರಸಿಗೆ ಒಂದು ಸಲವಾದರೂ ಬರಬೇಡವೇ?

ಊಟಕ್ಕೆ ಕೂತರೂ ಅದೇ. "ಈ ಮುದ್ದೆ ಹೋದ ಕಾರ್ತೀಕದ ಬಿಸಿಲು ಮೇಷ್ಟ್ರೇ. ರಾಗಿ ಅದನ್ನ ಹಿಡ್ದು ಕಾಳೊಳಗೆ ಮಡಗಿತ್ತು, ಈಗ ನಾವು ನುಂಗ್ತಾ ಇದೀವಿ. ಕೋಳಿನೂ ಬಿಸಿಲೇ, ಕಾಳು ತಿಂದಿತ್ತಲ್ಲ. ನಾನೂ ಬಿಸಿಲೇ, ಕೋಳಿ ತಿಂತಾ ಇದೀನಲ್ಲ!" ಮೇಜಿನ ಸುತ್ತ ಕೂತ ಮಕ್ಕಳು ಮೊಮ್ಮಕ್ಕಳು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಇದೇ ವಿಷಯವನ್ನು ನಾನು ಬಾಣದ ಗುರುತುಗಳ ಸಮೇತ ಹೇಳುವಾಗ ಹಿಂದಿನ ಬೆಂಚಿನವರು ಮಲಗಿರುತ್ತಿದ್ದರು. ಮುಂದಿನ ಬೆಂಚಿನವರು ಕಣ್ಣು ತೆರೆದುಕೊಂಡು ಮಲಗಿರುತ್ತಿದ್ದರು.

ಇಷ್ಟನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ವೀಳ್ಯದೆಲೆ.

ನಮ್ಮ ಅತ್ತೆಯ ಹಳ್ಳಿಯ ಮನೆಯ ಹಿತ್ತಲಿನಲ್ಲಿ ಒಂದು ವೀಳ್ಯದೆಲೆ ಬಳ್ಳಿ ಇತ್ತು. ಊಟವಾದ ಮೇಲೆ ಅದರ ಎಲೆ ಬಾಯಿಗೆ ಬೀಳದಿದ್ದರೆ ಅವರಿಗೆ ಊಟವಾದ ಹಾಗೆಯೇ ಅಲ್ಲ. ಮಾವನವರು ಹೋದ ಮೇಲೆ ಅವರು ಹಿತ್ತಲು ಬಿಟ್ಟು ಮೈಸೂರಿಗೆ ಹೆಣ್ಣುಮಕ್ಕಳ ಹತ್ತಿರ ಬಂದರು. ಯುಗಾದಿಯಿಂದ ದಸರಾವರೆಗೆ ನಮ್ಮ ಮನೆ, ದಸರಾದಿಂದ ಯುಗಾದಿವರೆಗೆ ಷಡ್ಡಕರ ಮನೆ, ಇದು ಅವರೇ ಮಾಡಿದ ಕಟ್ಟಳೆ. ಬರುವಾಗ ಬಳ್ಳಿಯಿಂದ ಎರಡು ಕಡ್ಡಿ ಮುರಿದು ತಂದು, ಇಬ್ಬರು ಅಳಿಯಂದಿರಿಗೂ ಒಂದೊಂದು ಕೊಟ್ಟರು. "ಇದ್ರ ಎಲೆ ಒಂದು ಸಿಕ್ತಾ ಇದ್ರೆ ನಂಗೆ ಊರಲ್ಲೇ ಇದ್ದಂಗೆ ಕಣಪ್ಪ" ಎಂದರು. ಕೊಡುವಾಗ ನನ್ನ ಕಡೆ ತಿರುಗಿ, "ನಿಮ್ಗೇನು ಬುಡಿ, ನೀವು ಇದನ್ನೇ ಓದಿರೋರು" ಎಂದದ್ದು ಬೇರೆ!

ನನ್ನ ಕಡ್ಡಿ ಹತ್ತು ದಿನ ಬದುಕಿತ್ತು.

ಯಾಕೆ ಸತ್ತಿತು? ತಾರಸಿಯ ಅತ್ಯುತ್ತಮ ಜಾಗ, ದಿನವಿಡೀ ಬಿಸಿಲು ಬೀಳುವ ಕಡೆ, ಇಟ್ಟಿದ್ದೆ. ಎಲೆಗೆ ಬೆಳಕೇ ಊಟ. ಹೆಚ್ಚು ಬೆಳಕು, ಹೆಚ್ಚು ಊಟ. ಸರಳ ತರ್ಕ. ಷಡ್ಡಕರು ಪ್ಯಾಸೇಜಿನಲ್ಲಿ ಆಗಲೇ ಚಿಗುರಿ ಹಬ್ಬಿದ್ದ ತಮ್ಮ ಬಳ್ಳಿಯಿಂದ ಎರಡನೆಯ ಕಡ್ಡಿ ತಂದುಕೊಟ್ಟರು. ಮಣ್ಣು ಪರೀಕ್ಷೆ ಮಾಡಿಸಿದೆ, ಬೆಳಕು ಅಳೆಯುವ ಮೀಟರು ತಂದೆ, ದಿನಕ್ಕೆ ಮೂರು ಸಲ ಅಳೆದು ಬರೆದಿಟ್ಟೆ. ಬೆಳಕು ಅದ್ಭುತವಾಗಿತ್ತು; ಬಳ್ಳಿ ಹಳದಿಯಾಗಿ, ಆಮೇಲೆ ಬೆಳ್ಳಗಾಗಿ, ಆಮೇಲೆ ಹಪ್ಪಳವಾಯಿತು. ಮೂರನೆಯದೂ ಹಾಗೆಯೇ. ನಾಲ್ಕನೆಯದು ಸಾಯುವ ಮುಂಚೆ ಒಂದು ಎಲೆ ಬಿಟ್ಟಂತೆ ನನಗೆ ನೆನಪು. ಮಡದಿ ಬಿಟ್ಟಿರಲೇ ಇಲ್ಲ ಅನ್ನುತ್ತಾಳೆ.

ಪರಿಣಾಮ ಏನು ಗೊತ್ತೇ? ಅತ್ತೆ ನಮ್ಮ ಮನೆಯಲ್ಲಿರುವ ಆರು ತಿಂಗಳೂ, ದಿನಾ ಹನ್ನೊಂದು ಗಂಟೆಗೆ ಷಡ್ಡಕರ ಮೊಪೆಡ್ ನಮ್ಮ ಗೇಟಿನ ಮುಂದೆ ಬಂದು ನಿಲ್ಲುತ್ತಿತ್ತು. ಫಸ್ಟ್ ಶಿಫ್ಟ್ ಮುಗಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಐದು ಎಲೆ ತರುತ್ತಿದ್ದರು. ಬೆಳಕೇ ಬಾರದ ಗಲ್ಲಿಯಿಂದ, ಬೆಳಕು ಹೊರತು ಬೇರೇನೂ ಇಲ್ಲದ ನನ್ನ ಮನೆಗೆ! ನಮ್ಮ ಎದುರು ಮನೆಯವರು ಒಂದು ದಿನ, "ಔಷಧೀನಾ ಸಾರ್?" ಎಂದು ಕೇಳಿದರು. ಹೌದು ಎಂದೆ.

"ಬಂದ್ರಾ? ಬನ್ನಿ ಬನ್ನಿ" ಎಂದು ಅತ್ತೆ ಮೊಪೆಡ್ಡಿನ ಸದ್ದಿಗೇ ಸಡಗರ ಪಡುತ್ತಿದ್ದರು. ನಾನು ಎದುರಿಗೇ ದಿನವಿಡೀ ಕೂತಿರುತ್ತಿದ್ದೆ. ನನ್ನನ್ನು ನೋಡಿ ಯಾರಾದರೂ ಹಾಗೆ ಸಡಗರ ಪಟ್ಟದ್ದು ನನ್ನ ನೆನಪಿನಲ್ಲಂತೂ ಇಲ್ಲ. ನೆನಪು ಸರಿಯಿಲ್ಲ ಎಂದು ಒಪ್ಪಿಕೊಂಡರೂ ಇಲ್ಲ.

"ಏನ್ರೀ, ನಿಮ್ಮ ಎಂ.ಎಸ್ಸಿ. ಎಲೆ ಯಾವಾಗ ಬರುತ್ತೆ?" ಎಂದು ಮಡದಿ ಕೇಳುತ್ತಿದ್ದಳು.

ಒಂದೇ ಒಂದು ಸಲ ಅತ್ತೆ ನನ್ನ ಮನೆಯ ಎಲೆ ಬಾಯಿಗೆ ಹಾಕಿಕೊಳ್ಳಬೇಕು. ನಿವೃತ್ತನಾದ ಮೇಲೆ ನನಗೆ ಉಳಿದಿದ್ದ ಮಹತ್ವಾಕಾಂಕ್ಷೆ ಇಷ್ಟೇ. ಅದಕ್ಕಾಗಿ ನಾನು ಮಾಡಿದ ನೀಚ ಕೆಲಸವನ್ನೂ ಹೇಳಿಬಿಡುತ್ತೇನೆ. ಒಂದು ಬೆಳಗ್ಗೆ ವಾಕಿಂಗ್ ನೆಪದಲ್ಲಿ ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ಎಲೆ ತಂದೆ. ಐದು ಎಳೆಯವನ್ನು ಆರಿಸಿ, ನೀರು ಚಿಮುಕಿಸಿ, ತಟ್ಟೆಯಲ್ಲಿಟ್ಟು, "ಅತ್ತೆ, ನಮ್ಮ ಬಳ್ಳಿಯ ಮೊದಲ ಫಸಲು" ಎಂದೆ.

ಅತ್ತೆ ಕನ್ನಡಕ ಏರಿಸಿಕೊಂಡರು. ಎಲೆಯನ್ನು ಹಿಂದೆ ಮುಂದೆ ತಿರುಗಿಸಿದರು. ತೊಟ್ಟಿನ ಹತ್ತಿರ ಅಂಟಿಕೊಂಡಿದ್ದ, ಕಟ್ಟು ಬಿಗಿಯುವ ಬಾಳೆನಾರಿನ ಎಳೆಯೊಂದನ್ನು ಎರಡು ಬೆರಳಲ್ಲಿ ಎಳೆದು ಹಿಡಿದು ಕೇಳಿದರು:

"ನಿಮ್ಮ ವೀಳ್ಯದೆಲೆ ಬಳ್ಳಿ ಬಾಳೆನಾರೂ ಬಿಡುತ್ತಾ ಅಳಿಯಂದ್ರೇ?"

ಮಡದಿ ನಕ್ಕಿದ್ದು ಇನ್ನೂ ನಿಂತಿಲ್ಲ. ಅವತ್ತೇ ತಂಗಿಗೆ ಫೋನು ಹೋಯಿತು. ಷಡ್ಡಕರು ಬಂದವರು ನಗುತ್ತಾರೆಂದು ಕಾದೆ. ನಗಲಿಲ್ಲ. ನಕ್ಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಮೊಪೆಡ್ಡಿನಿಂದ ಇಳಿದು, "ಇನ್ನೊಂದು ಕಡ್ಡಿ ತಂದಿವ್ನಿ ಮೇಷ್ಟ್ರೇ. ಐದನೇದು. ಈ ಸಲ ಬತ್ತದೆ ನೋಡಿ" ಎಂದರು. ಅದು ಹನ್ನೆರಡು ದಿನ ಬದುಕಿತು.

ಎಲ್ಲ ಕಡೆಯೂ ಸೋತ ನನ್ನ ಹತ್ತಿರ ಒಂದೇ ಒಂದು ಹಳೆಯ ಗೆಲುವಿತ್ತು. ಅದನ್ನು ಆಗಾಗ ಹೊರತೆಗೆದು ಒರೆಸಿ ನೋಡಿಕೊಳ್ಳುತ್ತಿದ್ದೆ. ಅದು ಷಡ್ಡಕರ ಮದುವೆಯಾದ ವರ್ಷದ ದೀಪಾವಳಿ, ಹೊಸ ಅಳಿಯನನ್ನು ಕರೆಸುವ ಹಬ್ಬ. ಮಡದಿ ಯುಗಾದಿ ಅನ್ನುತ್ತಾಳೆ, ಇರಲಿ. ಅತ್ತೆಯ ಮನೆಯ ತುಂಬ ನೆಂಟರು. ಹೊಸ ಅಳಿಯನಿಗೆ ಎಲ್ಲರೂ ಉಪಚಾರ ಮಾಡುತ್ತಿದ್ದರು. ಹೊಸ ಪಂಚೆಯಲ್ಲಿ ಅವರು ನಾಚಿಕೊಂಡು ಕೂತಿದ್ದರು. ಅವತ್ತಿನಿಂದ ನಾನು ಹಳೆಯ ಅಳಿಯನಾಗಿದ್ದೆ. ಎಲ್ಲರ ಮುಂದೆ ಕೇಳಿದೆ: "ಕಾರ್ಖಾನೆಯಲ್ಲಿ ಕೆಲಸ ಅಂದಿರಿ. ಹೇಳಿ ನೋಡೋಣ, ಗಿಡ ಏನು ತಿಂದು ಬದುಕುತ್ತೆ?"

ಅವರು ಪಾಪ, ತುಂಬ ಯೋಚಿಸಿ, "ಗೊಬ್ಬರ" ಎಂದರು.

ನಾನು ಗೊಳ್ಳೆಂದು ನಕ್ಕೆ. ನಾನು ನಕ್ಕದ್ದು ನೋಡಿ ಎಲ್ಲರೂ ನಕ್ಕರು. ಅವರ ಮುಖ ಕೆಂಪಾದದ್ದು ನನಗೆ ಚೆನ್ನಾಗಿ ನೆನಪಿದೆ. ಅಲ್ಲಿಗೆ ಆ ನೆನಪು ಮುಗಿಯುತ್ತದೆ. ಮುಂದೆ ಏನಾಯಿತು ಎಂದು ಎಷ್ಟು ತಡಕಿದರೂ ಬರೀ ಕತ್ತಲೆ. ಕೆಟ್ಟ ಗೆಲುವು, ನನಗೂ ಗೊತ್ತು. ಆದರೆ ಬೇರೆ ಗೆಲುವಿಲ್ಲದವನು ಇರುವುದನ್ನು ಎಸೆಯುತ್ತಾನೆಯೇ?

ಹೋದ ವರ್ಷ ಯುಗಾದಿ ಕಳೆದು ಸ್ವಲ್ಪ ದಿನವಾದ ಮೇಲೆ ಒಂದು ದಿನ ಮೊಪೆಡ್ ಬರಲಿಲ್ಲ. ಮಾರನೆಯ ದಿನ ಬಂತು, ಎಲೆ ಮೂರೇ ಇತ್ತು. ಒಂದು ವಾರದ ಮೇಲೆ ಅವರು ಬರಿಗೈಯಲ್ಲಿ ಬಂದು, ಅತ್ತೆಯ ಮುಂದೆ ಬಾಗಿಲಲ್ಲೇ ನಿಂತರು. ಸಾಹೇಬರ ಮನೆಯ ಹಿಂದಿನ ಕಟ್ಟಡದವರು ಇನ್ನೆರಡು ಮಹಡಿ ಏರಿಸಿದ್ದರು. ಮೊದಲನೆಯ ಕನ್ನಡಿಗೆ ಬಿಸಿಲೇ ಬೀಳುತ್ತಿರಲಿಲ್ಲ. ಮೊದಲನೆಯದಕ್ಕೆ ಇಲ್ಲವೆಂದ ಮೇಲೆ ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೂ ಇಲ್ಲ. ಬಳ್ಳಿ ಎಲೆ ಉದುರಿಸುತ್ತಿತ್ತು.

ಸುಳ್ಳು ಹೇಳುವುದಿಲ್ಲ. ನನಗೆ ಒಳಗೊಳಗೇ ಹೋಳಿಗೆ ತಿಂದಷ್ಟು ಖುಷಿಯಾಯಿತು. ಸಂತಾಪ ಸೂಚಿಸುವ ನೆಪದಲ್ಲಿ ಮಾರನೆಯ ದಿನವೇ ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಪ್ಯಾಸೇಜು ಬಾವಿಯ ಹಾಗೆ ಕತ್ತಲಾಗಿತ್ತು. ಕರಿಹಲಗೆಯಲ್ಲಿ ಎಲ್ಲ ಗಿಡಗಳ ಹೆಸರೂ ಅಳಿಸಿತ್ತು. ಟೈಲರ್ ಸಾಹೇಬರು ಅಂಗಡಿಯಲ್ಲಿ ಬಲ್ಬು ಹಾಕಿಕೊಂಡು ಕೂತಿದ್ದರು. "ದಾರ ಕಾಣುತ್ತೆ ಸಾರ್. ಆದ್ರೆ ಊಟದ ಹೊತ್ತಾಯ್ತು ಅಂತ ಹೇಳೋರಿಲ್ಲ" ಎಂದರು. ಷಡ್ಡಕರು ಕುರ್ಚಿಯಲ್ಲಿ ಕೂತು, ಸುಮ್ಮನೆ ಬ್ರೇಕ್ ಒತ್ತುತ್ತಿದ್ದರು, ಬಿಡುತ್ತಿದ್ದರು. ಮೇಲೆ ಕನ್ನಡಿ ಬಗ್ಗುತ್ತಿತ್ತು. ಅದರಲ್ಲಿ ಹೊಸ ಕಟ್ಟಡದ ಇಟ್ಟಿಗೆ ಗೋಡೆ ಬಿಟ್ಟು ಏನೂ ಇರಲಿಲ್ಲ.

ತಿಂದ ಹೋಳಿಗೆ ಯಾಕೋ ಗಂಟಲಲ್ಲಿ ಸಿಕ್ಕಿಕೊಂಡಿತು.

"ಮೇಷ್ಟ್ರೇ, ಬಿಸಿಲು ನಿಮ್ ಮನೇಲದೆ. ಬಳ್ಳಿನ ಅಲ್ಲಿಗೆ ತಂದ್ಬುಡ್ಲಾ?" ಎಂದರು.

"ನನ್ನ ಮನೆಗಾ! ಐದು ಕಡ್ಡಿ ಸುಟ್ಟಿದ್ದೇನೆ ಕಣ್ರೀ!"

"ಅದು ನೀವು ಒಬ್ರೇ ಇದ್ದಾಗ."

ಗೂಡ್ಸ್ ಆಟೋದಲ್ಲಿ ಬಳ್ಳಿ, ತುಳಸಿ, ಕರಿಬೇವು, ಕರಿಹಲಗೆ ಎಲ್ಲ ನಮ್ಮ ತಾರಸಿಗೆ ಬಂದವು. ಕನ್ನಡಿಗಳು ಮಾತ್ರ ಬರಲಿಲ್ಲ. ಷಡ್ಡಕರು ತಾರಸಿಯ ಮಧ್ಯೆ ಸೊಂಟಕ್ಕೆ ಕೈ ಕೊಟ್ಟು ನಿಂತು, ಕಣ್ಣು ಕಿರಿದು ಮಾಡಿ ಸೂರ್ಯನನ್ನು ನೋಡಿದರು. ನಾನು ನನ್ನ ಅತ್ಯುತ್ತಮ ಜಾಗ ತೋರಿಸಿದೆ. ಅವರು ತಲೆಯಾಡಿಸಿ, ಕೆಳಗೆ ಹೋಗಿ, ಅತ್ತೆಯ ಎರಡು ಹಳೆಯ ನೂಲಿನ ಸೀರೆ ಇಸಿದುಕೊಂಡು ಬಂದು, ಬಿದಿರು ಗಳ ಕಟ್ಟಿ ಅದರ ಮೇಲೆ ಹರವಿದರು. ಜರಡಿ ಹಿಡಿದ ಹಾಗೆ ಬಿಸಿಲು ಸೋಸಿ ಬೀಳತೊಡಗಿತು. ಅದರ ಅಡಿಯಲ್ಲಿ ಬಳ್ಳಿ ಇಟ್ಟರು.

"ಅಲ್ಲಿ ಬಿಸಿಲು ಹೊತ್ಕೊಂಡ್ ಬಂದೆ, ಇಲ್ಲಿ ನೆರಳು ಹೊತ್ಕೊಂಡ್ ಬರ್ಬೇಕು. ಇದು ಅಗಸೆ ಮರದ ಕೆಳಗೆ ಬೆಳ್ದಿದ್ದು ಮೇಷ್ಟ್ರೇ. ಇದ್ಕೆ ಹೊಟ್ಟೆ ಚಿಕ್ದು. ಜಾಸ್ತಿ ಬಡಿಸಿದ್ರೆ ಅಜೀರ್ಣ."

ನಾನು ಕೂತುಬಿಟ್ಟೆ. ನೆರಳಿನ ಗಿಡಗಳು! ಹೆಚ್ಚು ಬೆಳಕು ಬಿದ್ದರೆ ಹಸಿರು ಕೆಟ್ಟು, ಅಡಿಗೆಮನೆಯೇ ಸುಟ್ಟುಹೋಗುವ ಎಲೆಗಳು! ಪ್ರತಿ ವರ್ಷ ಒಂದು ಇಡೀ ಪಾಠ ಮಾಡಿದ್ದೇನೆ. ಪರೀಕ್ಷೆಗೆ ಪ್ರಶ್ನೆ ಹಾಕಿದ್ದೇನೆ. ಬರೆಯದವರ ಅಂಕ ಕಳೆದಿದ್ದೇನೆ. ಅತ್ತೆಯ ಹಿತ್ತಲಲ್ಲಿ ಬಳ್ಳಿ ಅಗಸೆಯ ಮರಕ್ಕೆ ಹಬ್ಬಿದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಐದು ಕಡ್ಡಿ ಸುಡುವಾಗ ಅದೆಲ್ಲ ಎಲ್ಲಿಗೆ ಹೋಗಿತ್ತು?

ದಿನವೂ ಮೊಪೆಡ್ ಬಂತು. ಈಗ ಎಲೆ ತರುವುದಕ್ಕಲ್ಲ. ಸೀರೆ ಸರಿಸುವುದಕ್ಕೆ, ಮಡಿಸುವುದಕ್ಕೆ, ಸಂಜೆ ಬಿಚ್ಚುವುದಕ್ಕೆ. ನಾನು ಗಳ ಹಿಡಿದು ನಿಲ್ಲುತ್ತಿದ್ದೆ. ಕರಿಹಲಗೆಯಲ್ಲಿ ಅವರು ಎಲ್ಲ ಗಿಡಗಳ ಹೆಸರೂ ಬರೆದು, ಕೊನೆಗೆ 'ಹೆಲ್ಪರ್' ಎಂದು ನನ್ನ ಹೆಸರೂ ಸೇರಿಸಿದರು. ದಸರಾ ಹತ್ತಿರವಾಗುವ ಹೊತ್ತಿಗೆ ಬಳ್ಳಿ ಗಳದ ತುದಿ ಮುಟ್ಟಿತ್ತು.

ಒಂದು ಮಧ್ಯಾಹ್ನ ಐದು ಎಲೆ ಕಿತ್ತು ಅತ್ತೆಗೆ ಕೊಟ್ಟೆವು. ಅವರು ನಾರು ಇದೆಯೇ ಎಂದು ಮೊದಲು ನೋಡಿದರು. ಆಮೇಲೆ ಸುಣ್ಣ ಸವರಿ, ಅಡಿಕೆ ಇಟ್ಟು, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ ಅವರ ದವಡೆಯನ್ನೇ ನೋಡುತ್ತಿದ್ದೆ.

"ನಮ್ ಬಳ್ಳಿದೇ ಕಣಪ್ಪ" ಎಂದರು. "ಯಾರ್ ಮನೇದು?"

ನಾನು ಬಾಯಿ ತೆರೆಯುವ ಮೊದಲೇ ಷಡ್ಡಕರು, "ಮೇಷ್ಟ್ರ ಮನೇದು ಕಣಮ್ಮ. ಅವ್ರೇ ಬೆಳೆಸಿದ್ದು" ಎಂದುಬಿಟ್ಟರು.

"ಅಂತೂ ಬದುಕಿಸ್ಬುಟ್ರಿ" ಎಂದು ಅತ್ತೆ ನನ್ನ ಕೈ ಹಿಡಿದು ಅದುಮಿದರು.

ಇಷ್ಟು ವರ್ಷ ಕಾದ ಗಳಿಗೆ. ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಷಡ್ಡಕರನ್ನು ತಾರಸಿಗೆ ಎಳೆದುಕೊಂಡು ಹೋದೆ.

"ಯಾಕ್ರೀ ಸುಳ್ಳು ಹೇಳಿದ್ದು? ನನಗೇನು ಭಿಕ್ಷೆ ಬೇಕಾ?"

"ಸುಳ್ಳೆಲ್ಲಿ ಮೇಷ್ಟ್ರೇ? ಇದಕ್ಕೆ ನೆರಳು ಬೇಕು ಅಂತ ನಂಗೆ ಹೇಳ್ಕೊಟ್ಟೋರೇ ನೀವು."

"ನಾನಾ? ಯಾವಾಗ?"

"ನನ್ ಮೊದಲ್ನೇ ದೀಪಾವಳಿಲಿ. ಮರ್ತ್ಬುಟ್ರಾ?"

ಆ ಗೆಲುವಿನ ದೀಪಾವಳಿ! "ಅವತ್ತು ನಾನು ನಿಮ್ಮನ್ನ ಎಲ್ಲರ ಮುಂದೆ ನಗೆಪಾಟಲು ಮಾಡಿದ್ದೆ" ಎಂದೆ.

"ಹೂಂ, ಎಲ್ರೂ ನಕ್ರು. ನಾನೂ ನಕ್ಕೆ. ಗೊಬ್ಬರ ಅಂದಿದ್ನಲ್ಲ!" ಎಂದು ಈಗಲೂ ನಕ್ಕರು. "ಆಮೇಲೆ ನೀವು ಬಂದು, ಬನ್ನಿ ಅಂತ ನನ್ ಕೈ ಹಿಡ್ದು ಹಿತ್ತಲಿಗೆ ಕರ್ಕೊಂಡ್ ಹೋದ್ರಿ. ಈ ಬಳ್ಳಿದೇ ಒಂದು ಎಲೆ ಕಿತ್ತು, ಬಿಸಿಲಿಗೆ ಎತ್ತಿ ಹಿಡಿದ್ರಿ. ನರ ನರ ಕಾಣ್ತಿತ್ತು. ಇದ್ರೊಳಗೆ ಒಲೆ ಇಲ್ದೆ ಅಡಿಗೆ ನಡೀತಾ ಅದೆ, ಬಿಸಿಲೇ ಬೆಂಕಿ ಅಂದ್ರಿ. ಎಲ್ಲ ಗಿಡಕ್ಕೂ ಒಂದೇ ಅಳತೆ ಬಡಿಸಕ್ಕಾಗಲ್ಲ, ಇದು ನೆರಳಲ್ಲಿ ಉಣ್ಣೋದು ಅಂತ ಅಗಸೆ ಮರ ತೋರಿಸಿದ್ರಿ. ಅರ್ಧ ಗಂಟೆ ಹೇಳಿದ್ರಿ ಮೇಷ್ಟ್ರೇ! ಅಂಥೋರಿಗೆ ನೆರಳು ಕಟ್ಟಿ ಅಂತ ನಾನೇನ್ ಹೇಳೋದು? ಸ್ಕೂಲಲ್ಲಿ ನನ್ನನ್ನ ಯಾರೂ ಕೂರಿಸ್ಕೊಂಡು ಏನೂ ಹೇಳಿರ್ಲಿಲ್ಲ. ಬೆಂಚ್ ಮೇಲೆ ನಿಲ್ಸೋರು, ಅಷ್ಟೇ."

ಮಡದಿಯನ್ನು ಕೇಳಿದೆ. ಅವಳಿಗೆ ನಗು ನೆನಪಿದೆ, ಹಿತ್ತಲು ನೆನಪಿಲ್ಲ. ಅತ್ತೆಗೆ ಅವತ್ತು ಕಜ್ಜಾಯ ಗಟ್ಟಿಯಾಗಿದ್ದಷ್ಟೇ ನೆನಪಿದೆ. ನನಗೋ, ಆ ಕತ್ತಲೆಯೊಳಗೆ ಎಷ್ಟು ಕೈಯಾಡಿಸಿದರೂ ಒಂದು ಎಲೆಯೂ ಸಿಗುವುದಿಲ್ಲ. ಮೂವತ್ತೊಂದು ವರ್ಷ ಸಾವಿರಾರು ಹುಡುಗರಿಗೆ ಪಾಠ ಮಾಡಿದೆ. ಕೇಳಿ ಉಳಿಸಿಕೊಂಡ ಒಬ್ಬನೇ ವಿದ್ಯಾರ್ಥಿ ದಿನಾ ಮೊಪೆಡ್ಡಿನಲ್ಲಿ ನನ್ನ ಮನೆಗೇ ಬರುತ್ತಿದ್ದ. ನಾನು ಗೇಟು ತೆಗೆಯಲು ಮುಖ ಸಿಂಡರಿಸಿಕೊಳ್ಳುತ್ತಿದ್ದೆ.

ಈಗ ನನಗೆ ಷಡ್ಡಕರ ಮೇಲೆ ಹೊಟ್ಟೆಕಿಚ್ಚಿಲ್ಲ. ಇಲ್ಲ ಎಂದರೆ ಕಡಿಮೆ. ನನಗೀಗ ಹೊಟ್ಟೆ ಉರಿಯುವುದು ಆ ಹಿತ್ತಲಿನಲ್ಲಿ ನಿಂತಿದ್ದ ಮನುಷ್ಯನ ಮೇಲೆ. ಎಲ್ಲರನ್ನೂ ನಗಿಸಿ ತಪ್ಪು ಮಾಡಿದೆನೆಂದು ಅನ್ನಿಸಿದ್ದೇ, ಎದ್ದು ಹೋಗಿ ಒಬ್ಬರ ಕೈ ಹಿಡಿದ ಆ ಇಪ್ಪತ್ತೆಂಟರ ಮೇಷ್ಟರ ಮೇಲೆ. ಅವನು ನಾನೇ ಎಂಬುದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ.

ದಸರಾ ಮುಗಿಯಿತು. ಕಟ್ಟಳೆಯ ಪ್ರಕಾರ ಅತ್ತೆ ಲಷ್ಕರ್ ಮೊಹಲ್ಲಾಕ್ಕೆ ಹೋದರು; ಬಳ್ಳಿ ನಮ್ಮ ತಾರಸಿಯಲ್ಲಿ ಉಳಿಯಿತು. ಈಗ ದಿನಾ ಒದ್ದೆ ಬಟ್ಟೆಯಲ್ಲಿ ಐದು ಎಲೆ ಸುತ್ತಿಕೊಂಡು ಸಿಟಿ ಬಸ್ಸು ಹತ್ತುವವನು ನಾನು. ನಿನ್ನೆ ಆರು ತೆಗೆದುಕೊಂಡು ಹೋದೆ. ಐದನ್ನು ಅತ್ತೆಗೆ ಕೊಟ್ಟು, ಆರನೆಯದನ್ನು ಷಡ್ಡಕರ ಕೈಯಲ್ಲಿಟ್ಟೆ.

"ನಂಗ್ಯಾಕೆ ಮೇಷ್ಟ್ರೇ? ನಾನು ಎಲೆ ಹಾಕಲ್ವಲ್ಲ!"

"ಹಾಕೋದಕ್ಕಲ್ಲ. ಅವತ್ತು ಹಿತ್ತಲಲ್ಲಿ ಹೇಗೆ ತೋರಿಸಿದೆ ಅಂದಿರಲ್ಲ, ಒಂದು ಸಲ ತೋರಿಸಿ."

ಅವರು ನನ್ನ ಕೈ ಹಿಡಿದುಕೊಂಡು ಹೊರಗೆ ಕರೆತಂದರು. ಹಿಂದಿನ ಕಟ್ಟಡ ಎದ್ದ ಮೇಲೆ ಗಲ್ಲಿಗೆ ಮಧ್ಯಾಹ್ನದ ಬಿಸಿಲು ಇಪ್ಪತ್ತರ ಬದಲು ನಾಲ್ಕೈದೇ ನಿಮಿಷ ಇಳಿಯುತ್ತದೆ, ಪಂಚೆಯ ಅಂಚಿನಷ್ಟು ಅಗಲ. ಟೈಲರ್ ಸಾಹೇಬರು ಮಿಷಿನ್ ನಿಲ್ಲಿಸಿ ನೋಡುತ್ತಿದ್ದರು. ಷಡ್ಡಕರು ಆ ಅಂಚಿನೊಳಗೆ ಸರಿದು ನಿಂತು, ತೊಟ್ಟು ಹಿಡಿದು ಎಲೆಯನ್ನು ಮೇಲಕ್ಕೆತ್ತಿದರು.

ನಾನು ಕತ್ತೆತ್ತಿ ನೋಡಿದೆ. ನೆನಪು ಬರಲಿಲ್ಲ. ಆದರೆ ನರಗಳೆಲ್ಲ ಕಾಣುತ್ತಿದ್ದವು.